ಒಂದೇ ಅಚ್ಚಿನ ಎರಡು ಕಾಸು

ಒಂದೇ ಅಚ್ಚಿನ ಏಟು ತಿಂದು ಹುಟ್ಟಿದ ಎರಡು ತಾಮ್ರದ ಕಾಸುಗಳು ವಸ್ತುಸಂಗ್ರಹಾಲಯದ ಮೇಜಿನ ಮೇಲೆ ಕೂತಿದ್ದವು. ದಾಖಲೆಗೆ ಒಂದು ಸಾಕು, ಇನ್ನೊಂದು ಉಗ್ರಾಣದ ಚೀಲಕ್ಕೆ ಎಂದು ಅಪ್ಪಣೆಯಾಗಿತ್ತು.

"ನೀನು ನನ್ನ ನಕಲು ತಮ್ಮಾ, ಹೊರಡು," ಎಂದಿತು ಹೊಳೆಯುವ ಕಾಸು.

"ಅಚ್ಚು ನಮಗಿಂತ ಅಗಲವಾಗಿತ್ತು ಅಣ್ಣಾ. ಪೂರ್ತಿ ಬರಹ ಯಾರ ಮೈಮೇಲೂ ಹಿಡಿಸಲಿಲ್ಲ. ಎಲ್ಲಿ, ನಮ್ಮ ರಾಜನ ಹೆಸರು ಹೇಳು," ಎಂದಿತು ಕಪ್ಪುಹಿಡಿದ ಕಾಸು.

"ಶ್ರೀ ವೀರ..." ಎಂದ ಹೊಳೆಯುವ ಕಾಸಿಗೆ ಅಂಚಿನಲ್ಲೇ ಅಕ್ಷರ ಮುಗಿಯಿತು.

ದಾಖಲೆ ಬರೆಯುತ್ತಿದ್ದ ಚಂಪಕಾಳ ಲೇಖನಿಯೂ ಅಲ್ಲೇ ನಿಂತಿತು. ಚೀಲಕ್ಕೆ ಹಾಕಲು ಎತ್ತಿದ್ದ ಕಪ್ಪು ಕಾಸನ್ನು ಬೆಳಕಿಗೆ ಹಿಡಿದಳು; ಅದರ ಮೇಲೆ "ಚಂದರಸ" ಎಂದಿತ್ತು.

"ಅಯ್ಯೋ, ಅರ್ಧ ರಾಜನನ್ನು ಚೀಲಕ್ಕೆ ಹಾಕ್ತಿದ್ನಲ್ಲ!" ಎನ್ನುತ್ತ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡಕ್ಕೂ ಸಂಖ್ಯೆ ಬರೆದಳು.

"ಸ್ವಲ್ಪ ಪಕ್ಕಕ್ಕೆ ಸರಿ ಅಣ್ಣಾ," ಎಂದಿತು ಕಪ್ಪು ಕಾಸು, "ದೊರೆ ಆರಾಮಾಗಿ ಕೂರಲಿ."