ಬಾಲ ಕೊಟ್ಟ ಹಲ್ಲಿ

ಬೇಕರಿಯ ಗೋಡೆಯ ಹಲ್ಲಿಗೆ ಹುಳು ಸಿಗುತ್ತಿದ್ದುದು ಸಂಜೆ ದೀಪ ಹತ್ತಿದ ಮೇಲೆಯೇ. ಯಾರು ಏನು ಹೇಳಿದರೂ ಲೊಚಗುಟ್ಟಿ ಹೌದೆನ್ನುವುದು ಅದರ ಅಭ್ಯಾಸ. ಒಂದು ಮಧ್ಯಾಹ್ನ ಅದು ಹಸಿದು ಕೂತಿದ್ದಾಗ ಹಿರಿಯ ಇರುವೆ ಸತ್ತ ಪತಂಗವೊಂದನ್ನು ಎಳೆದು ತಂದಿತು.

"ಈಗ ಒಂದು ತಿನ್ನಿ, ದೀಪ ಹತ್ತಿದ ಕೂಡಲೇ ಎರಡು ಕೊಡಿ. ಒಪ್ಪಿಗೆಯೇ?"

ಹಲ್ಲಿ ಖುಷಿಯಿಂದ ಲೊಚಗುಟ್ಟಿತು.

ಸಂಜೆ ಸಿಕ್ಕಿದ ಎರಡು ಹುಳುವೂ ಇರುವೆಗೇ ಹೋದವು. ಮರುದಿನ ಹಸಿವು ಹೆಚ್ಚಾಗಿ ಹಲ್ಲಿ ಎರಡು ಪತಂಗ ತಿಂದಿತು, ನಾಲ್ಕಕ್ಕೆ ಲೊಚಗುಟ್ಟಿತು. ವಾರದೊಳಗೆ ಇಪ್ಪತ್ತು ಹುಳು ಬಾಕಿಯಾಯಿತು.

"ಬಾಲ ಕೊಡಿ, ಅರ್ಧ ಸಾಲ ಬಿಡುತ್ತೇವೆ. ಹೇಗೂ ಮತ್ತೆ ಬೆಳೆಯುತ್ತದಲ್ಲ," ಎಂದಿತು ಇರುವೆ. ಹಲ್ಲಿ ಅದಕ್ಕೂ ಲೊಚಗುಟ್ಟಿತು. ಇರುವೆಗಳು ಬಾಲವನ್ನು ಮೆರವಣಿಗೆಯಲ್ಲಿ ಹೊತ್ತೊಯ್ದವು.

ಅಂದೇ ಸಂಜೆ ಮಳೆ ಬಿದ್ದು, ದೀಪಕ್ಕೆ ರೆಕ್ಕೆಹುಳುಗಳು ಮುತ್ತಿಕೊಂಡು ನೆಲಕ್ಕೆ ಉದುರತೊಡಗಿದವು. ಇವತ್ತೇ ಎಲ್ಲ ತೀರಿಸಿಬಿಡುತ್ತೇನೆಂದು ಹಲ್ಲಿ ಕುಣಿಯುತ್ತ ನೆಲಕ್ಕಿಳಿಯಿತು. ಮೂಲೆಯಲ್ಲಿ ಹೊಂಚುತ್ತಿದ್ದ ಬೇಕರಿಯ ಬೆಕ್ಕು ಅದರ ಮೇಲೆ ಹಾರಿತು.

"ಬಾಲ ಬಿಟ್ಟು ಓಡಪ್ಪಾ!" ಎಂದು ಮೇಲಿಂದ ಜೇಡ ಕೂಗಿತು.

ಬಿಡುವುದಕ್ಕೆ ಬಾಲವೇ ಇರಲಿಲ್ಲ. ಪಂಜ ಬೆನ್ನು ಸೀಳಿತು. ಹಲ್ಲಿ ಹೇಗೋ ಮೀಟರ್ ಪೆಟ್ಟಿಗೆಯ ಸಂದಿಗೆ ನುಗ್ಗಿ ಜೀವ ಉಳಿಸಿಕೊಂಡಿತು.

ಮರುದಿನ ಮಧ್ಯಾಹ್ನ ಇರುವೆ ಸಂದಿಗೇ ಬಂತು. "ಪಾಪ, ಪೆಟ್ಟಾಗಿದೆ. ಇವತ್ತು ಮೂರು ಪತಂಗ ತಂದಿದ್ದೇನೆ."

"ಉಳಿದ ಹತ್ತನ್ನು ದಿನಕ್ಕೊಂದರಂತೆ ಕೊಡುತ್ತೇನೆ. ಇವನ್ನು ವಾಪಸ್ ಒಯ್ಯಿರಿ."

"ಸಂಜೆಯವರೆಗೆ ಹಸಿವು ತಾಳುತ್ತೀರಾ? ಒಂದಾದರೂ ಇಟ್ಟುಕೊಳ್ಳಿ. ಒಪ್ಪಿಗೆಯೇ?"

ಪತಂಗ ಮೂತಿಯ ಹತ್ತಿರವೇ ಇತ್ತು. ಹಲ್ಲಿಯ ಗಂಟಲು ಎರಡು ಸಲ ಅದುರಿತು. ದೀಪ ಹತ್ತುವವರೆಗೂ ಅದು ಬಾಯಿ ಬಿಗಿಹಿಡಿದು ಕೂತಿತ್ತು, ಒಮ್ಮೆಯೂ ಲೊಚಗುಟ್ಟಲಿಲ್ಲ.