ಒಡೆಯರ ಮುಖ ತೋರಿದ ಗೂಟ

ತದಡಿ ಬಂದರಿನ ದೋಣಿಯೊಡೆಯ ಪದ್ಮಯ್ಯನವರು ದೋಣಿಯ ಹಗ್ಗ ಸುತ್ತುವ ಅಲ್ಯೂಮಿನಿಯಂ ಗೂಟಕ್ಕೆ ಕೋಲು ತಟ್ಟಿ ಗುಡುಗಿದರು. ಉಪ್ಪುನೀರಿಗೆ ಅದು ಬಿಳಿ ಕಿಲುಬು ಹಿಡಿದಿತ್ತು.

"ಏ ಜಟ್ಟಿ, ನಾಳೆ ಇದರಲ್ಲಿ ನನ್ನ ಮುಖ ಕಾಣಬೇಕು. ಇಲ್ಲವಾದರೆ ನೀನು ದೋಣಿ ಹತ್ತಕೂಡದು!"

ಕಡಲು ಮಾಡಿದ ತಪ್ಪಿಗೆ ದಂಡನೆ ತನಗೇ! ದೋಣಿಯಾಳು ಜಟ್ಟಿ ಸಿಟ್ಟು ನುಂಗಿ ಕೇಳಿದನು: "ಮುಖ ಕಂಡರೆ ಸಾಕಲ್ಲವೇ, ಒಡೆಯಾ?"

"ಸಾಕು!"

ಜಟ್ಟಿ ಮರಳುಕಾಗದದಿಂದ ಉಜ್ಜಿ, ಹುಣಸೆಹುಳಿ ಹಚ್ಚಿ, ಆ ದುಂಡು ಗೂಟವನ್ನು ಕನ್ನಡಿಯಂತೆ ಬೆಳಗಿದನು.

ಮರುದಿನ ಒಡೆಯರು ಮೀಸೆ ತಿರುವುತ್ತ ಎಲ್ಲರೆದುರು ಬಾಗಿ ನೋಡಿದರು. ದುಂಡು ಮೈಯಲ್ಲಿ ಕಂಡದ್ದು ಕುಂಬಳದಂಥ ಮೂಗು, ಸಾಸಿವೆಯಷ್ಟು ಹಣೆ. ದೋಣಿಯವರೆಲ್ಲ ನಗು ತಡೆಯಲು ಬಾಯಿಗೆ ಬಟ್ಟೆ ತುರುಕಿಕೊಂಡರು.

"ಥೂ! ಈಗಲೇ ಇದನ್ನು ಮಂಕು ಮಾಡೋ!"

"ಬೆಳಗುವುದು ನನ್ನ ಕೆಲಸ, ಮುಖ ತಮ್ಮದು. ಮಂಕು ಮಾಡುವುದು ಕಡಲಿನ ಕೆಲಸ, ಆ ಅಪ್ಪಣೆಯನ್ನು ಅದಕ್ಕೇ ಕೊಡಿ" ಎಂದವನೇ ಜಟ್ಟಿ ದೋಣಿ ಹತ್ತಿ ಹಗ್ಗ ಬಿಚ್ಚಿದನು.