ಬೆಟ್ಟಸ್ವಾಮಿ ಕಬ್ಬಿಣ ಎತ್ತಿದ್ದು

ಕೇಳ್ರಪ್ಪೋ ಕೇಳಿ, ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೇಳಿ. ಯಾಕಂದ್ರೆ ಈ ಕತೇಲಿ ಬರೋರೆಲ್ಲ ಬಾಯಿ ತೆರೆದದ್ದು ಮುಚ್ಚೋಕೆ ಆಗ್ದೆ ನಿಂತೋರೇ!

ಮಂಡ್ಯ ಸೀಮೇಲಿ ಒಂದು ಊರು. ಆ ಊರಲ್ಲಿ ಒಂದು ಕಾಲೇಜು. ಕಾಲೇಜಿನ ಮುಂದೆ ಇಸ್ತ್ರಿ ಗಾಡಿ ಇಟ್ಕೊಂಡು ಜೀವನ ಮಾಡೋ ತಾಯಿ ನಿಂಗಾಜಮ್ಮ. ಆ ತಾಯಿಗೆ ಒಬ್ನೇ ಮಗ, ಬೆಟ್ಟಸ್ವಾಮಿ. ಹೆಸರಿಗೆ ತಕ್ಕ ಎತ್ತರ! ಬಾಗಿಲಲ್ಲಿ ಬಗ್ಗಿ ಬರ್ಬೇಕು, ಬಸ್ಸಲ್ಲಿ ಕತ್ತು ಓರೆ ಮಾಡಿ ನಿಲ್ಬೇಕು. ದೇವ್ರು ಇದ್ದದ್ದನ್ನೆಲ್ಲ ಕಾಲಿಗೇ ಸುರಿದುಬುಟ್ಟು, ತಲೆಗೆ ಬರೋ ಹೊತ್ತಿಗೆ ಕೈ ಬರಿದು ಮಾಡ್ಕೊಂಡಿದ್ದ. ಹುಡುಗ ಕೆಟ್ಟೋನಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡೋನು. ಅದೇ ಅವನ ರೋಗ!

ಒಂದಿನ ತಾಯಿ, "ಮಗಾ, ಒಲೆ ಮೇಲೆ ಹಾಲದೆ, ಒಂದು ಕಣ್ಣಿಟ್ಟಿರು" ಅಂತ ಹೇಳಿ ನೀರಿಗೆ ಹೋದ್ಳು. ಬಂದು ನೋಡ್ತಾಳೆ, ಹಾಲೆಲ್ಲ ಉಕ್ಕಿ ಒಲೆ ಆರಿಹೋಗದೆ! ಮಗ ಒಂದು ಕಣ್ಣು ಮುಚ್ಕೊಂಡು, ಇನ್ನೊಂದು ಕಣ್ಣಲ್ಲಿ ನೋಡ್ತಾ ಕೂತವ್ನೆ!

"ಅಯ್ಯೋ ಮಂಕೇ! ಹಾಲು ಉಕ್ತಾ ಇದ್ರೂ ಸುಮ್ನೆ ಕೂತಿದ್ಯೇನ್ಲಾ?"

"ಒಂದು ಕಣ್ಣಿಡು ಅಂದಿದ್ಯಲ್ಲವ್ವಾ. ಎರಡನ್ನೂ ಇಟ್ನೇನು?"

ನಿಂಗಾಜಮ್ಮ ಹಣೆ ಚಚ್ಕೊಂಡ್ಳು. "ಇವನನ್ನ ಯಾವ ನೀರಿಗೆ ಹಾಕ್ಲಪ್ಪಾ ದೇವ್ರೇ!"

ಇಂಥೋನು ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಉತ್ತಯ್ಯನವರ ಕಣ್ಣಿಗೆ ಬಿದ್ದ. ಗಾಳಿಗೆ ಹಾರಿ ಮರದ ಕೊಂಬೆಗೆ ಸಿಕ್ಕಿದ್ದ ಪಂಚೇನ ನಿಂತ ನಿಲುವಲ್ಲೇ ಕೈ ಚಾಚಿ ಎಳೆದುಕೊಂಡ ನೋಡಿ, ಉತ್ತಯ್ಯನವರು ಕುಣಿದಾಡಿಬಿಟ್ಟರು. "ಇವನು ನನಗೆ ಬೇಕು!" ಪ್ರಿನ್ಸಿಪಾಲರ ಕೈಕಾಲು ಹಿಡಿದು ಆಟಗಾರರ ಸೀಟಲ್ಲಿ ಕಾಲೇಜಿಗೆ ಸೇರಿಸಿದರು. ಬಾಲ್ ಹಾಕೋದು ಹೇಳಿಕೊಟ್ರೆ, ಹಾಕಿದ್ದೆಲ್ಲ ಬುಟ್ಟಿಗೇ! ಆದ್ರೆ ಎದುರಾಳಿಯ ಭುಜ ಒಂಚೂರು ತಾಗಿದ್ರೆ ಸಾಕು, ಜೋಳದ ಕಡ್ಡಿ ಹಂಗೆ ಮುರ್ಕೊಂಡು ಬೀಳೋನು. ಆ ವರ್ಷದ ಟೂರ್ನಮೆಂಟೆಲ್ಲ ಬಿದ್ದೂ ಬಿದ್ದೂ ಮುಗೀತು.

ಬೇಸಿಗೆ ರಜೆ ಬಂತು. ಪ್ರಿನ್ಸಿಪಾಲ್ ವೃಷಭೇಂದ್ರಪ್ಪನವರು ಕೋಚನ್ನ ಕರೆದು ಖಡಾಖಂಡಿತ ಹೇಳಿದರು. "ರಜೆ ಮುಗಿಯೋದ್ರೊಳಗೆ ಇವನು ಆಟಗಾರ ಆಗ್ಬೇಕು. ಇಲ್ಲದಿದ್ರೆ ಸೀಟು ಬೇರೆಯವರಿಗೆ!"

ನಿಂಗಾಜಮ್ಮನ ಜೀವ ಧಸಕ್ಕಂತು. ವಂಶದಲ್ಲೇ ಯಾರೂ ಕಾಲೇಜು ಮೆಟ್ಲು ಹತ್ತಿರ್ಲಿಲ್ಲ.

ಉತ್ತಯ್ಯನವರು ಬೆಟ್ಟಸ್ವಾಮೀನ ಮುಂದೆ ಕೂರಿಸ್ಕೊಂಡು ಹೇಳಿದರು. "ನೋಡಪ್ಪಾ, ಪಂದ್ಯ ಇಲ್ಲದ ಕಾಲವೇ ಆಟಗಾರ ತಯಾರಾಗೋ ಕಾಲ. ನಿನಗೆ ಆಟ ಇದೆ, ಮೈಯಲ್ಲಿ ಕಸುವಿಲ್ಲ. ನಾಳೆಯಿಂದ ಬೆಳಗ್ಗೆ ಎದ್ದ ತಕ್ಷಣ ಕಬ್ಬಿಣ ಎತ್ತು. ಹೆಗಲ ಮೇಲೆ ಹೊತ್ಕೊಂಡು ಕೂತು ಏಳು. ಭಾರವಾದದ್ದನ್ನೇ ಎತ್ತು!"

"ಆಯ್ತು ಸಾರ್!"

ಮಾರನೆ ಬೆಳಗ್ಗೆ ಹುಡುಗ ಕಾಲೇಜಿಗೆ ಹೋದ. ಜಿಮ್‌ಗೆ ಬೀಗ! ಸುತ್ತ ನೋಡಿದ. ಕಬ್ಬಿಣ ಎಲ್ಲದೆ? ಭಾರವಾದ ಕಬ್ಬಿಣ ಎಲ್ಲದೆ? ಅಗೋ!

ಬೆಳಕು ಬಿಟ್ಟ ಮೇಲೆ ಉತ್ತಯ್ಯನವರು ಬರ್ತಾರೆ, ಕಾಲೇಜಿನ ಪಕ್ಕದ ಪ್ರಿನ್ಸಿಪಾಲರ ಮನೆ ಮುಂದೆ ಗದ್ದಲವೋ ಗದ್ದಲ. ಕಾಂಪೌಂಡಿಗೆ ಗೇಟೇ ಇಲ್ಲ! ಬೀದಿ ದನಗಳೆಲ್ಲ ಒಳಗೆ ನುಗ್ಗಿ ಗುಲಾಬಿ ಗಿಡ ಮೇಯ್ತಾ ಅವೆ! ಪ್ರಿನ್ಸಿಪಾಲರು ಟವೆಲ್ ಸುತ್ಕೊಂಡು ಪೊರಕೆ ಹಿಡ್ಕೊಂಡು ದನ ಅಟ್ಟುತಾ ಅವ್ರೆ! ಇತ್ತ ಕೋರ್ಟ್‌ನಲ್ಲಿ ನೋಡಿದ್ರೆ, ಬೆಟ್ಟಸ್ವಾಮಿ ಹೆಗಲ ಮೇಲೆ ಗೇಟು! ಕೂರ್ತಾನೆ, ಏಳ್ತಾನೆ. ಕೂರ್ತಾನೆ, ಏಳ್ತಾನೆ!

ಉತ್ತಯ್ಯನವರು ದಡಬಡಿಸಿ ಹತ್ರ ಹೋದರು. ನಾಲ್ಕು ಆಳು ಸೇರಿ ಎತ್ತೋ ಗೇಟು ಅದು! ಎತ್ತು ಅಂದ್ರೆ ಸಾಕು, ಆ ಕಡ್ಡಿ ಮೈಗೆ ಎಲ್ಲಿಂದಲೋ ಕಸುವು ಬಂದುಬುಟ್ಟಿತ್ತು!

"ಏನೋ ಇದು! ಏನೋ ಮಾಡಿದೆ!"

"ಕಬ್ಬಿಣ ಎತ್ತಿದೆ ಸಾರ್. ಭಾರವಾದದ್ದನ್ನೇ ಎತ್ತಿದೆ."

ನಿಂಗಾಜಮ್ಮ ಓಡಿ ಬಂದ್ಳು. ಗೇಟ್ ನೋಡಿ ಅಲ್ಲೇ ಕುಸಿದ್ಳು. "ಕಂಡೋರ ಮನೆ ಗೇಟು ಕಿತ್ಕೊಂಡು ಬಂದಿದ್ಯಲ್ಲೋ! ನೋಡು, ನೆನಪಿಟ್ಕೋ. ಏನೇ ಎತ್ತಿದ್ರೂ, ಎತ್ತಿದ ಜಾಗದಲ್ಲೇ ತಂದು ಇಳಿಸ್ಬೇಕು. ಎಲ್ಲಿ ಎತ್ತಿದ್ಯೋ ಅಲ್ಲೇ ಇಳಿಸ್ಬೇಕು!"

"ಸರಿ ಕಣವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡ್ದೆ ಬುಟ್ಟಾನಾ?

ಆವತ್ತಿಂದ ಜಿಮ್ಮಿನ ಕಬ್ಬಿಣವನ್ನೇ ಎತ್ತಿದ, ಎತ್ತಿದ ಜಾಗದಲ್ಲೇ ಇಳಿಸಿದ. ಮರಳು ಚೀಲ ಹೊತ್ಕೊಂಡು ಓಡಿದ, ಎತ್ತಿದ ಜಾಗದಲ್ಲೇ ಇಳಿಸಿದ. ತಾಯಿ ದಿನಾ ಮೊಟ್ಟೆ ಬೇಯಿಸಿ ಹಾಕಿದ್ಳು, ಮುದ್ದೆ ಮೇಲೆ ಮುದ್ದೆ ಇಕ್ಕಿದ್ಳು. ಕಡ್ಡಿಯಂಗಿದ್ದ ತೊಡೆ ಒನಕೆ ಆಯ್ತು.

ಒಂದಿನ ಎಲ್ಲ ಹುಡುಗ್ರೂ ಎತ್ತರದ ಹಲಗೆ ಮೇಲೆ ಜಿಗಿಯೋ ಅಭ್ಯಾಸ ಮಾಡ್ತಾ ಇದ್ರು. ತಂಡದ ಕ್ಯಾಪ್ಟನ್ ಇಲಿಯಾಸ್ ಕಾಲು ತಿರುಚ್ಕೊಂಡು ಬಿದ್ದ. ಪಾದ ಕುಂಬಳಕಾಯಿ ಹಂಗೆ ಊದ್ಕೊಳ್ತು.

"ಬೆಟ್ಟಸ್ವಾಮೀ! ಎತ್ಕೊಳ್ಳೋ ಅವನನ್ನ! ಡಾಕ್ಟ್ರ ಹತ್ರ ಓಡು!" ಅಂತ ಕೂಗಿದರು ಉತ್ತಯ್ಯನವರು.

ಎತ್ಕೊಂಡ. ಓಡಿದ. ಸಂತೆ ಬೀದಿ ದಾಟಿ ಡಾಕ್ಟ್ರ ಬಾಗಿಲಿಗೇ ಹೋದ. ಡಾಕ್ಟ್ರು, "ಬಾಪ್ಪಾ, ಇಲ್ಲಿ ಮಲಗಿಸು" ಅಂದ್ರು. ಆಗ ಬೆಟ್ಟಸ್ವಾಮಿಗೆ ತಾಯಿ ಮಾತು ನೆನಪಾಯ್ತು. ಅಯ್ಯೋ, ಇಲ್ಲಿ ಇಳಿಸೋದಾ? ನಾನು ಎತ್ತಿದ್ದು ಇಲ್ಲಿಂದ ಅಲ್ವಲ್ಲ! ತಿರುಗಿದ. ಓಡಿದ. "ಲೋ! ಲೋ! ಎಲ್ಲಿಗ್ಲಾ!" ಅಂತ ಇಲಿಯಾಸ್ ಬಾಯಿ ಬಡ್ಕೊಂಡ. ಕೇಳಿದ್ರೆ ತಾನೆ! ಸುಡು ಬಿಸಿಲಲ್ಲಿ ಕೋರ್ಟ್‌ಗೆ ತಂದು, ಬಿದ್ದ ಜಾಗದಲ್ಲೇ, ಬಿದ್ದ ಹಂಗೇ ಬೋರಲಾಗಿ ಇಳಿಸಿದ!

ಉತ್ತಯ್ಯನವರ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು. "ಡಾಕ್ಟ್ರು ಏನಂದ್ರೋ?"

"ಮಲಗಿಸು ಅಂದ್ರು ಸಾರ್. ಮಲಗಿಸಿದೀನಿ."

"ಅಯ್ಯೋ ನಿನ್ನ! ನೋವಾದೋರನ್ನ ಹಿಂಗೆ ಕೆಡವ್ತಾರೇನೋ? ಕೇಳಿಲ್ಲಿ. ಯಾರೇ ಆಗ್ಲಿ, ನೋವಾಗಿದೆ ಅಂದ ಕೂಡ್ಲೆ ನೋವಿನ ಜಾಗಕ್ಕೆ ಐಸ್ ಇಡ್ಬೇಕು. ಬಟ್ಟೆ ಬಿಗಿಯಾಗಿ ಕಟ್ಬೇಕು. ಕಾಲು ಮೇಲೆತ್ತಿ ಹಿಡೀಬೇಕು. ತಿಳೀತಾ?"

"ತಿಳೀತು ಸಾರ್! ಐಸು, ಬಟ್ಟೆ, ಕಾಲು ಮೇಲೆ!"

ಮಾರನೇ ದಿನವೇ ಪ್ರಿನ್ಸಿಪಾಲರು ಕೋರ್ಟ್‌ಗೆ ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ, ಹೆಗಲ ಮೇಲೆ ಶಲ್ಯ. ಹುಡುಗ್ರೆಲ್ಲ ಸಾಲಾಗಿ ನಿಂತ್ರು. ಪ್ರಿನ್ಸಿಪಾಲರು ಬೆಟ್ಟಸ್ವಾಮಿ ಕಡೆ ತಿರುಗಿ ಗಂಭೀರವಾಗಿ ಹೇಳಿದರು. "ನೋಡಯ್ಯಾ, ನೀನು ನಮ್ಮ ಮನೆ ಗೇಟು ಕಿತ್ತಿದ್ದಕ್ಕೆ ನನಗೆ ಬಹಳ ನೋವಾಗಿದೆ."

"ನೋವಾಗಿದೆಯಾ ಸಾರ್?" ಹುಡುಗನ ಕಣ್ಣು ಅಗಲ ಆಯ್ತು. "ಎಲ್ಲಿ ಸಾರ್?"

"ಇಲ್ಲಿ ಕಣಯ್ಯಾ, ಎದೆಗೆ!"

ಅಷ್ಟೇ! ಓಡಿದ, ಐಸ್ ಡಬ್ಬ ತಂದ. ಜುಬ್ಬದ ಕತ್ತು ಹಿಗ್ಗಿಸಿ ಐಸೆಲ್ಲ ಒಳಕ್ಕೆ ಸುರಿದ! ಪ್ರಿನ್ಸಿಪಾಲರು "ಹಾ! ಹಾ! ಹಾ!" ಅಂತ ಕುಣಿಯೋದ್ರೊಳಗೆ ಅವರ ಶಲ್ಯ ಎಳೆದು ಎದೆಗೆ ಬಿಗಿಯಾಗಿ ಗಂಟು ಹಾಕಿದ. ಕಾಲೆರಡೂ ಹಿಡಿದು ಎತ್ತೇ ಎತ್ತಿದ! ಗೇಟು ಎತ್ತಿದ ತೋಳಲ್ವಾ? ಪ್ರಿನ್ಸಿಪಾಲರು ತಲೆ ಕೆಳಗೆ, ಕಾಲು ಮೇಲೆ!

ಹುಡುಗ್ರ ಕೈಲಿದ್ದ ಬಾಲ್ ಜಾರಿ ಉರುಳಿಕೊಂಡು ಚರಂಡಿಗೆ ಹೋಯ್ತು, ಯಾರೂ ಹೆಕ್ಕಲಿಲ್ಲ. ಉತ್ತಯ್ಯನವರಿಗೆ ಶಿಳ್ಳೆ ಊದಬೇಕು ಅನ್ನೋದೂ ಮರೆತುಹೋಗಿತ್ತು.

"ಇಳಿಸೋ! ಇಳಿಸೋ!"

"ಇನ್ನೂ ಊತ ಇಳಿದಿಲ್ಲ ಸಾರ್. ಹೊಟ್ಟೆ ನೋಡಿ!"

ಹೇಗೋ ಇಳಿಸಿದರು. ಪ್ರಿನ್ಸಿಪಾಲರ ಹಲ್ಲು ಕಟಕಟ ಅಂತಿತ್ತು. "ಬರೋ ಭಾನುವಾರ ಮೈಸೂರಿನ ಕ್ಲಬ್ಬಿನವರು ಪಂದ್ಯಕ್ಕೆ ಬರ್ತಾರೆ. ನಾನೂ ಬರ್ತೀನಿ. ಅಲ್ಲಿ ಇವನು ಆಡದಿದ್ರೆ ಅವತ್ತೇ ಕೊನೆ!"

ನಿಂಗಾಜಮ್ಮ ರಾತ್ರಿ ಊಟ ಬಿಟ್ಟು ಅತ್ತಳು. ಅವಳು ಅಳೋದು ನೋಡಿ ಹುಡುಗನಿಗೂ ಅಳು ಬಂತು. "ಬೈಯವ್ವಾ, ಅಳ್ಬೇಡ. ಏನ್ ಮಾಡ್ಬೇಕೋ ಹೇಳು, ಹಂಗೇ ಮಾಡ್ತೀನಿ."

"ಹಂಗೇ ಮಾಡೋದೇ ನನ್ನ ಭಯ ಕಣ್ಲಾ! ನೋಡು ಮಗಾ, ದೊಡ್ಡೋರು ಎದುರಿಗೆ ಬಂದ್ರೆ ಮೈ ಮುಟ್ಬಾರ್ದು. ಕೈ ಮುಗಿದು, ದಾರಿ ಬುಟ್ಟು, ಪಕ್ಕಕ್ಕೆ ನಿಲ್ಬೇಕು."

"ಕೈ ಮುಗೀಬೇಕು, ದಾರಿ ಬುಡ್ಬೇಕು. ಸರಿ ಕಣವ್ವಾ!"

ಭಾನುವಾರ ಬಂತು. ಕ್ಲಬ್ಬಿನವರು ಎಲ್ಲರೂ ಕೆಲಸದಲ್ಲಿರೋರು, ಮೀಸೆ ಬಂದೋರು. ಅವರ ಕ್ಯಾಪ್ಟನ್ ನಂದೀಶ, ಬಾಲ್ ಹಿಡಿದ್ರೆ ಮಿಂಚು! ಶಿಳ್ಳೆ ಆಯ್ತು. ನಂದೀಶ ಬಾಲ್ ಬಡಿತಾ ಬಂದ. ಬೆಟ್ಟಸ್ವಾಮಿ ನೋಡಿದ. ವಯಸ್ಸಲ್ಲಿ ದೊಡ್ಡೋರು! ಕೈ ಮುಗಿದ. "ಬನ್ನಿ ಅಣ್ಣಾ!" ಪಕ್ಕಕ್ಕೆ ಸರಿದ. ಬಾಲ್ ಬುಟ್ಟಿಗೆ! ಮತ್ತೆ ಬಂದ. "ಬನ್ನಿ ಅಣ್ಣಾ!" ಬಾಲ್ ಬುಟ್ಟಿಗೆ! ನಂದೀಶನೇ ಗಾಬರಿಯಾಗಿ ನಿಂತು ನೋಡಿದ. ಇದೇನು ಪಂದ್ಯವೋ, ಬೀಗರ ಔತಣವೋ!

ಅರ್ಧ ಆಟ ಮುಗಿಯೋ ಹೊತ್ತಿಗೆ ಕಾಲೇಜಿನೋರು ಎದ್ದು ನಿಲ್ಲದಂಗೆ ಹಿಂದೆ ಬಿದ್ದಿದ್ರು. ಪ್ರಿನ್ಸಿಪಾಲರು ಚಪ್ಪಲಿ ಹಾಕ್ಕೊಂಡು ಎದ್ರು. ಉತ್ತಯ್ಯನವರು ಹುಡುಗನ ಎರಡೂ ಭುಜ ಹಿಡಿದು ಅಲುಗಾಡಿಸಿದರು. ಅಲುಗಾಡಲಿಲ್ಲ! ಆಗ ಅವರಿಗೇ ಗೊತ್ತಾಯ್ತು, ಇವನೀಗ ಜೋಳದ ಕಡ್ಡಿಯಲ್ಲ, ಹುಣಸೆ ಮರ.

"ದಾರಿ ಬಿಡಬಾರದು ಕಣೋ! ಆ ನಂದೀಶನಿಗೆ ನೆರಳಿನ ಹಂಗೆ ಅಂಟ್ಕೋ! ಅವನು ಎಲ್ಲಿ ಹೋದ್ರೆ ಅಲ್ಲಿ ಹೋಗು. ಎದುರಿಗೆ ಕೈ ಅಗಲಿಸ್ಕೊಂಡು ನಿಲ್ಲು. ಅವನ ಕೈಗೆ ಏನೂ ಸೇರೋಕೆ ಬಿಡಬೇಡ. ಕೊನೇ ಶಿಳ್ಳೆ ಕೇಳೋ ತನಕ ಬಿಡಬೇಡ!"

"ಕೊನೇ ಶಿಳ್ಳೆ ತನಕ! ಆಯ್ತು ಸಾರ್!"

ಆಮೇಲೆ ನೋಡಿ ಮಜ! ನಂದೀಶ ಎಡಕ್ಕೆ ಹೋದ್ರೆ ಬೆಟ್ಟಸ್ವಾಮಿ. ಬಲಕ್ಕೆ ಹೋದ್ರೆ ಬೆಟ್ಟಸ್ವಾಮಿ. ನಂದೀಶ ಹೆಗಲು ಕೊಟ್ಟು ಗುದ್ದಿದ, ಅವನೇ ಹಿಂದಕ್ಕೆ ಬಿದ್ದ! ಬಾಲೇ ಕೈಗೆ ಸಿಗಲಿಲ್ಲ. ಕಾಲೇಜಿನೋರು ಒಂದೊಂದೇ ಬುಟ್ಟಿ ಹಾಕಿ ಸಮ ಮಾಡಿದ್ರು. ಪ್ರಿನ್ಸಿಪಾಲರು ಚಪ್ಪಲಿ ಬಿಟ್ಟು ಮತ್ತೆ ಕೂತ್ರು.

ನಂದೀಶನಿಗೆ ಅವತ್ತು ಸಂಜೆ ಅದೇ ಊರಲ್ಲಿ ಹೆಣ್ಣು ನೋಡೋ ಶಾಸ್ತ್ರ ಇತ್ತು. ಸಾಕಾಗಿಹೋಗಿ, "ನಾನು ಹೊರಡ್ತೀನಿ, ಬೇರೆಯೋನನ್ನ ಇಳಿಸಿ" ಅಂತ ಆಟ ಬಿಟ್ಟು ಹೊರಟ. ಬೆಟ್ಟಸ್ವಾಮೀನೂ ಹೊರಟ! ಅವನು ಆಟೋ ಹತ್ತಿದ, ಇವನೂ ಹತ್ತಿದ. ಅವನು ಸ್ನೇಹಿತನ ಮನೇಲಿ ಸ್ನಾನಕ್ಕೆ ಹೋದ, ಇವನು ಬಚ್ಚಲ ಬಾಗಿಲಲ್ಲಿ ಕೈ ಅಗಲಿಸ್ಕೊಂಡು ನಿಂತ.

"ಆಟ ಮುಗೀತು ಹೋಗೋ ಮಾರಾಯಾ!"

"ಶಿಳ್ಳೆ ಕೇಳಿಲ್ಲ ಅಣ್ಣಾ!"

ಇತ್ತ ಕೋರ್ಟ್‌ನಲ್ಲಿ, ಇವನು ಈಗ ಬರ್ತಾನೆ ಆಗ ಬರ್ತಾನೆ ಅನ್ಕೊಂಡು ನಾಲ್ಕೇ ಜನ ಹೆಂಗೋ ಹೆಣಗಾಡಿ ಒಂದು ಬುಟ್ಟಿಯಲ್ಲಿ ಗೆದ್ದುಬಿಟ್ರು. ಪ್ರಿನ್ಸಿಪಾಲರು ನಗ್ತಾ ಬಂದು, "ಹುಡುಗ ಆಟಗಾರ ಆದ! ಸೀಟು ಉಳೀತು! ಎಲ್ಲಿ ಅವನು?" ಅಂದ್ರು. ಎಲ್ಲಿ ಅವನು? ಕೋರ್ಟ್‌ನಲ್ಲಿಲ್ಲ. ಜಿಮ್‌ನಲ್ಲಿಲ್ಲ. ನಿಂಗಾಜಮ್ಮ ಬೀದಿಗೆ ಓಡಿ ಕಂಡಕಂಡೋರನ್ನ ಕೇಳಿದ್ಳು. ಆಟೋದೋನು ಹೇಳಿದ, "ಆ ಉದ್ದದ ಹುಡುಗನಾ? ಹೆಣ್ಣು ನೋಡೋಕೆ ಹೋದ ಕಣಮ್ಮಾ!"

"ಹೆಣ್ಣು ನೋಡೋಕಾ!"

ಓಡಿದ್ರು. ತಾಯಿ ಮುಂದೆ, ಕೋಚ್ ಹಿಂದೆ. ಹೆಣ್ಣಿನ ಮನೆ ಬಾಗಿಲಿಗೆ ಬಂದು ನೋಡ್ತಾರೆ, ಒಳಗೆ ಜನವೆಲ್ಲ ಕಲ್ಲಾಗಿ ಕೂತವ್ರೆ! ಹುಡುಗಿ ರೇವತಿ ಕೇಸರಿಬಾತಿನ ತಟ್ಟೆ ಹಿಡ್ಕೊಂಡು ಎಡದಿಂದ ಬರ್ತಾಳೆ, ಬೆಟ್ಟಸ್ವಾಮಿ ಅಡ್ಡ! ಬಲದಿಂದ ಬರ್ತಾಳೆ, ಬೆಟ್ಟಸ್ವಾಮಿ ಅಡ್ಡ! ಹಿಂದಿಂದ ನಂದೀಶ ಕತ್ತು ಉದ್ದ ಮಾಡಿ ಹುಡುಗಿ ಮುಖ ನೋಡೋಕೆ ಒದ್ದಾಡ್ತಾನೆ, ಬರೀ ಅಗಲವಾದ ಬೆನ್ನು ಕಾಣ್ತದೆ! ಅವನಿಗೆ ಅಂತ ಕೊಟ್ಟ ಕಾಫಿ ಲೋಟ, ಬಾಳೆಹಣ್ಣು, ಎಲ್ಲ ಬೆಟ್ಟಸ್ವಾಮಿ ಕೈಲಿ! ಮೂಲೇಲಿ ಕೂತ ಹುಡುಗಿಯ ಅಜ್ಜಿ, "ಗಂಡು ಯಾರಪ್ಪಾ? ಈ ಉದ್ದದೋನೇ?" ಅಂತ ಕೇಳ್ತಾನೇ ಅದೆ.

ನಂದೀಶ ಉತ್ತಯ್ಯನವರನ್ನ ಕಂಡು ಕೈ ಜೋಡಿಸಿದ. "ಸಾರ್, ನಿಮ್ಮ ದಮ್ಮಯ್ಯ ಸಾರ್! ಶಿಳ್ಳೆ ಊದಿ!"

ಉತ್ತಯ್ಯನವರು ಕೆನ್ನೆ ಉಬ್ಬಿಸಿ ಊದಿದರು. ಮನೆ ಹೆಂಚೆಲ್ಲ ನಡುಗಿತು. ಬೆಟ್ಟಸ್ವಾಮಿ ಕೈ ಇಳಿಸಿದ.

"ಆಟ ಮುಗೀತು ಕಣೋ ಪುಣ್ಯಾತ್ಮ!" ಅಂದ್ರು ಉತ್ತಯ್ಯನವರು. "ಎದುರಿಗಿರೋರ ಕೈ ಹಿಡ್ಕೋ, ಮನೆಗೆ ನಡಿ!"

ನಂದೀಶನ ಕೈ ಕುಲುಕಿ ಬಾ ಅಂತ ಅವರ ಅರ್ಥ. ಆದ್ರೆ ನಂದೀಶ ಇದ್ದದ್ದು ಬೆನ್ನ ಹಿಂದೆ. ಎದುರಿಗಿದ್ದೋಳು ರೇವತಿ!

ಹಿಡ್ಕೊಂಡೇ ಬಿಟ್ಟ! ತುಂಬಿದ ಸಭೇಲಿ, ಹೆತ್ತೋರ ಮುಂದೆ, ಗಂಡಿನ ಕಡೆಯೋರ ಮುಂದೆ ಹುಡುಗಿ ಕೈ ಹಿಡ್ಕೊಂಡು ಬಾಗಿಲ ಕಡೆ ಹೊರಟ!

"ಅಯ್ಯಯ್ಯೋ! ತಾಳಿ ಇಲ್ಲ, ಓಲಗ ಇಲ್ಲ, ಕೈ ಹಿಡ್ಕೊಂಡು ಹೊಂಟೇ ಬುಟ್ನಲ್ಲೋ!" ಅಂತ ಅಜ್ಜಿ ಕಿರುಚ್ತು. ಹುಡುಗಿಯ ಅಪ್ಪನ ಕೈಲಿದ್ದ ಎಲೆ ಅಡಿಕೆ ತಟ್ಟೆ ಠಣ್ ಅಂತ ಬಿತ್ತು. ನಿಂಗಾಜಮ್ಮ ಹೊಸಲಿನ ಮೇಲೇ ಕೂತುಬುಟ್ಳು. ರೇವತಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ, ನಕ್ಕೇಬಿಟ್ಳು.

ಬೆಟ್ಟಸ್ವಾಮಿ ತಾಯೀನ ಹುಷಾರಾಗಿ ದಾಟಿಕೊಂಡು, ತಲೆ ಬಗ್ಗಿಸಿ ಬಾಗಿಲಾಚೆ ಹೋದ. ಜಗಲಿ ಮೇಲೆ ನಿಂತು ಹಿಂದಕ್ಕೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳ್ದ:

"ಚಪ್ಪಲಿ ಹಾಕ್ಕೊಳಿ ಅಕ್ಕಾ. ನಮ್ಮನೆ ವಸಿ ದೂರ!"